ಗ್ರಹಣದ ದಿನ ನಾವಿಬ್ಬರೂ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿಮ್ಮ ತಮ್ಮನ ಮನೆ ಬಿಟ್ಟು ಬಂದವಳು ನಿಮ್ಮನ್ನು ಇನ್ನೂ ಅಕ್ಕ ಎನ್ನಬಹುದೋ ಇಲ್ಲವೋ ಗೊತ್ತಿಲ್ಲ. ಬೇರೆ ಏನೆಂದು ಕರೆಯಬೇಕೆಂದು ಹೊಳೆಯದೆ ಹಾಗೇ ಬರೆದಿದ್ದೇನೆ.

ನಾನು ಚೆನ್ನಾಗಿದ್ದೇನೆ. ಕೋಣೆ ಚಿಕ್ಕದು. ಬಟ್ಟೆ ಒಣಹಾಕಿದ ದಿನ ತಲೆ ಬಗ್ಗಿಸಿಕೊಂಡೇ ಒಲೆಯ ಹತ್ತಿರ ಹೋಗಬೇಕು. ಕಿಟಕಿಯ ಕೆಳಗೆ ಸೈಕಲ್ ರಿಪೇರಿಯ ಅಂಗಡಿ ಇದೆ, ದಿನವಿಡೀ ಟೈರಿಗೆ ಗಾಳಿ ತುಂಬುವ ಸದ್ದು. ಕೆಲಸ ಬಿಟ್ಟಿಲ್ಲ. ಮೊದಲಿನಂತೆಯೇ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತೇನೆ. ಮುಂದೆ ಜನ ಕಡಿಮೆಯಿದ್ದಾಗ ಕಣ್ಣು ಪರೀಕ್ಷೆಯ ಬೋರ್ಡಿನ ಹತ್ತಿರವೂ ನಿಲ್ಲುತ್ತೇನೆ.

ನಿಮ್ಮ ಪತ್ರ ಬಂತು. "ಕುಡಿಯಲ್ಲ, ಕೈ ಎತ್ತಿಲ್ಲ, ದುಡಿದಿದ್ದನ್ನ ತಂದು ಮನೆಗೇ ಹಾಕ್ತಾನೆ. ಇನ್ನೇನು ಬೇಕಿತ್ತೇ ನಿಂಗೆ? ಹೋಗಿ ಹೋಗಿ ಒಂದು ಗ್ರಹಣಕ್ಕೆ ಯಾರಾದ್ರೂ ಮನೆ ಬಿಡ್ತಾರಾ?" ಎಂದು ಕೇಳಿದ್ದೀರಿ. ನೀವು ಕೇಳಿದ್ದು ತಪ್ಪಲ್ಲ. ನಿಮಗೆ ಗೊತ್ತಿರುವ ಗ್ರಹಣವೇ ಬೇರೆ.

ನಿಮಗೆ ಗೊತ್ತಿರುವುದು ಇಷ್ಟು. ನಾವಿಬ್ಬರೂ ಟೆಂಟು ತೆಗೆದುಕೊಂಡು ಬೆಟ್ಟಕ್ಕೆ ಹೋದೆವು. ತುದಿಯಲ್ಲಿ ಕೈ ಕೈ ಹಿಡಿದು ನಿಂತು ಸೂರ್ಯ ಪೂರ್ತಿ ಮುಚ್ಚಿಹೋಗುವುದನ್ನು ನೋಡಿದೆವು. ನಾನು ತಡೆಯಲಾರದೆ ಅತ್ತು ಅವರ ಎದೆಗೆ ತಲೆಯಿಟ್ಟೆ. ಊರಿಗೆ ಬಂದ ಮೇಲೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡೆ. ಇದರಲ್ಲಿ ಟೆಂಟು ನಿಜ, ಮುರಿದ ಕಾಲು ನಿಜ, ಅಷ್ಟೆ.

ಗ್ರಹಣ ನೋಡುವ ಆಸೆ ನನ್ನದು ಅಕ್ಕ, ಅವರದಲ್ಲ. ಚಿಕ್ಕವಳಿದ್ದಾಗ ಒಂದು ಗ್ರಹಣ ಬಂದಿತ್ತು. ಮಕ್ಕಳು ಕಣ್ಣು ಕಳೆದುಕೊಂಡಾರು ಎಂಬ ಭಯದಿಂದ ನಮ್ಮ ಟೀಚರು ತರಗತಿಯ ಕಿಟಕಿಗಳಿಗೆಲ್ಲ ಕಂದು ಕಾಗದ ಅಂಟಿಸಿ ಬಾಗಿಲು ಹಾಕಿಬಿಟ್ಟಿದ್ದರು. ಹೊರಗೆ ಲೋಕವೇ ಬಣ್ಣ ಬದಲಾಯಿಸುತ್ತಿದ್ದಾಗ ನಾವು ಒಳಗೆ ಕೂತು ಮಗ್ಗಿ ಹೇಳುತ್ತಿದ್ದೆವು. ಅವತ್ತಿನಿಂದ ಕಾದಿದ್ದೆ. ಈ ಸಲದ ಪೂರ್ಣ ಗ್ರಹಣ ನಮ್ಮಿಂದ ಒಂದು ಹಗಲಿನ ದಾರಿಯಲ್ಲಿರುವ ಬೆಟ್ಟಸಾಲಿನ ಮೇಲೆ ಹಾದುಹೋಗುತ್ತದೆ ಎಂದು ಪೇಪರಿನಲ್ಲಿ ಓದಿ ಅವರಿಗೆ ಹೇಳಿದೆ. "ಸೂರ್ಯ ದಿನಾ ಡ್ಯೂಟಿಗೆ ಬರ್ತಾನೆ. ಒಂದಿನ ಸ್ವಲ್ಪ ಹೊತ್ತು ರಜ ಹಾಕಿದ್ರೆ ಅದನ್ನ ನೋಡೋಕೆ ನಾನೂ ರಜ ಹಾಕ್ಬೇಕಾ?" ಎಂದರು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವವರ ಪಕ್ಕ ಕೂತು ಕೂತು ಅವರಿಗೆ ಮಾತು ಸರಾಗ. ಪಕ್ಕದವರು ಸ್ಟೇರಿಂಗ್ ಹಿಡಿದಿರುತ್ತಾರೆ, ಇಳಿದು ಓಡುವ ಹಾಗಿಲ್ಲ, ಕೇಳಲೇಬೇಕು. ನಾನಂತೂ ಆ ಸೀಟಿನಲ್ಲಿ ಮದುವೆಯಾದಾಗಿನಿಂದ ಕೂತವಳು.

ಕೊನೆಗೆ ಒಪ್ಪಿದರು. ಅಂಗಡಿಯಲ್ಲೇ ದಪ್ಪ ಕಪ್ಪು ಫಿಲ್ಮು ತರಿಸಿ ಇಬ್ಬರಿಗೂ ಕನ್ನಡಕ ಮಾಡಿದೆ. ಗ್ರಹಣದ ಹಿಂದಿನ ಸಂಜೆ ಬೆಟ್ಟದ ಬುಡದ ಬಯಲಿನಲ್ಲಿ ಟೆಂಟು ಹಾಕಿದೆವು. ಆ ಸಂಜೆ ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಗಾಳಿಗೆ ಸ್ಟೋವು ಮತ್ತೆ ಮತ್ತೆ ಆರುತ್ತಿತ್ತು. ಅವರು ಜಾಕೆಟ್ ಬಿಚ್ಚಿ ಅದಕ್ಕೆ ಮರೆ ಹಿಡಿದು ಕೂತರು. ಚಹಾ ಕುದಿಯುವ ಹೊತ್ತಿಗೆ ಜಾಕೆಟ್ಟಿನ ತೋಳು ಸುಟ್ಟಿತ್ತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಈ ಮನುಷ್ಯನ ಜೊತೆ ಇನ್ನೂ ಬಾಳಬಹುದು ಅನ್ನಿಸಿತ್ತು.

ಬೆಳಿಗ್ಗೆ ಎಲ್ಲರೂ ಮೇಲೆ ಹೊರಟರು. ಇವರು ಪಕ್ಕದ ಟೆಂಟಿನವರಿಗೆ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದ ಹಾಗೆ ಹೊರಡಿಸುವುದು ಹೇಗೆಂದು ಪಾಠ ಶುರುಮಾಡಿದರು. ಕರೆದೆ. "ಬಂದೆ ಕಣೇ" ಎಂದರು. ಮತ್ತೆ ಕರೆದೆ. ಕಲಿಯುತ್ತಿದ್ದವರೇ ನಾಚಿಕೊಂಡು ಎದ್ದು ಹೋದ ಮೇಲೆ ಬಂದರು. ಆಗಲೇ ತಡವಾಗಿತ್ತು. "ಏನೂ ತಲೆ ಕೆಡಿಸ್ಕೋಬೇಡ, ಅಡ್ಡದಾರಿ ಇದೆ" ಎಂದು ಜನ ಹೋಗುವ ದಾರಿ ಬಿಟ್ಟು ಕಲ್ಲುಹರಳಿನ ಇಳಿಜಾರಿಗೆ ಹತ್ತಿಸಿದರು. ಸಡಿಲವಾದ ಕಲ್ಲು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಕೆಳಗೆ. ತುದಿ ಕಾಣುವ ಜಾಗದಲ್ಲಿ ನನ್ನ ಕಾಲ ಕೆಳಗಿನ ಕಲ್ಲು ಉರುಳಿತು. ಬಿದ್ದೆ. ಒಣಕಟ್ಟಿಗೆ ಮುರಿದ ಸದ್ದಾಯಿತು. ಕಟ್ಟಿಗೆ ಎಲ್ಲಿಂದ ಬಂತು ಎಂದು ಒಂದು ಕ್ಷಣ ಸುತ್ತ ನೋಡಿದ್ದೂ ಉಂಟು.

ಅವರು ಓಡಿಬಂದರು. ಪಾದ ಹಿಡಿದು ಒತ್ತಿದರು. ನಾನು ಕಿರುಚಿದೆ. "ಉಳುಕಿದೆ ಅಷ್ಟೆ" ಎಂದರು. ಸೂರ್ಯನ ಒಂದು ಅಂಚು ಆಗಲೇ ಕಚ್ಚಿ ತಿಂದ ಹಾಗಿತ್ತು. ನನ್ನ ಕಾಲಿನ ಕಡೆ ನೋಡುವುದು, ಆಕಾಶದ ಕಡೆ ನೋಡುವುದು, ಹೀಗೇ ಮಾಡುತ್ತಿದ್ದರು. ಆಮೇಲೆ ಹೇಳಿದರು: "ಇಷ್ಟು ದೂರ ಬಂದು ಇಬ್ಬರೂ ತಪ್ಪಿಸ್ಕೊಂಡ್ರೆ ಏನು ಬಂತು ಹೇಳು? ನಾನಾದ್ರೂ ನೋಡ್ತೀನಿ. ನಿಂಗೆ ಬಂದು ಹೇಳ್ತೀನಿ."

ಹೋಗಿ ಎಂದೆ. ಹೌದು, ನಾನೇ ಹೇಳಿದೆ. ಹೆಂಗಸು ಅಂಥ ಹೊತ್ತಿನಲ್ಲಿ ಹೋಗಿ ಎಂದರೆ ಅದರ ಅರ್ಥವೇನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ನಾನು ಎರಡನೇ ಮಾತಾಡುವ ಮೊದಲೇ ಎದ್ದರು. ನನ್ನನ್ನು ಎಳೆದು ಒಂದು ಬಂಡೆಯ ಹಿಂದೆ ಒರಗಿಸಿ, ನೀರಿನ ಬಾಟಲಿ ಕೈಗೆ ಕೊಟ್ಟು, "ಇಲ್ಲಿ ನೆರಳಿದೆ, ಒಳ್ಳೇದೇ ಆಯ್ತು" ಎಂದು ಹೇಳಿ ಹತ್ತಿದರು. ತಿರುಗಿ ನೋಡಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಬಂಡೆ ಸೂರ್ಯನಿಗೆ ಅಡ್ಡವಾಗಿತ್ತು. ಕತ್ತಲಾಯಿತು. ಮೇಲೆ ತುದಿಯಲ್ಲಿ ಜನ ಒಟ್ಟಿಗೆ ಕೂಗಿದ್ದು ಕೇಳಿಸಿತು, ಆಟದ ಮೈದಾನದಲ್ಲಿ ಗೋಲು ಹೊಡೆದಾಗ ಕೂಗುತ್ತಾರಲ್ಲ, ಹಾಗೆ. ಅದರಲ್ಲಿ ಅವರ ಧ್ವನಿಯೂ ಇತ್ತು. ಎಷ್ಟು ಜನರ ನಡುವೆ ಇದ್ದರೂ ಅದು ನನಗೆ ಗೊತ್ತಾಗುತ್ತದೆ. ಮತ್ತೆ ಬೆಳಕಾಯಿತು. ಅಷ್ಟೆ.

ಮೊದಲು ಇಳಿದು ಬಂದವರು ಅವರಲ್ಲ. ಒಬ್ಬ ಬೇಕರಿಯವನು ಮತ್ತು ಅವನ ಹೆಂಡತಿ. ಅವಳಿಗೆ ತಲೆ ಸುತ್ತಿತೆಂದು ಬೇಗ ಇಳಿಯಲು ಅವರೂ ಅದೇ ಅಡ್ಡದಾರಿ ಹಿಡಿದಿದ್ದರು. ನನ್ನ ಕಾಲು ನೋಡಿ ಅವಳ ತಲೆಸುತ್ತು ಎಲ್ಲಿ ಹೋಯಿತೋ! ತನ್ನ ಶಾಲು ಹರಿದಳು. ಗಂಡ ತನ್ನ ಊರುಗೋಲು ಮುರಿದು ಕಾಲಿನ ಎರಡೂ ಪಕ್ಕಕ್ಕೆ ಇಟ್ಟು ಕಟ್ಟಿದ. "ನಿಮ್ಮ ಜೊತೆ ಯಾರಿದ್ದಾರಮ್ಮ?" ಎಂದು ಅವಳು ಕೇಳಿದಳು. ಯಾರೂ ಇಲ್ಲ ಎಂದೆ. ಸಿಟ್ಟಿನಿಂದ ಹೇಳಿದ್ದಲ್ಲ. ಬಾಯಿಗೆ ಅದೇ ಬಂತು.

ನನ್ನನ್ನು ಎತ್ತಿ ಕೂರಿಸುವ ಹೊತ್ತಿಗೆ ನಿಮ್ಮ ತಮ್ಮ ಬಂದರು. ಮೇಲೆ ಯಾರೋ ಬಿಸ್ಕತ್ತು ಹಂಚಿದ್ದರಂತೆ, ಫೋಟೋ ತೆಗೆಯುತ್ತಿದ್ದರಂತೆ, ಅದಕ್ಕೆ ತಡವಾಯಿತಂತೆ. ದೂರದಿಂದಲೇ ಕೂಗಿದರು: "ಎಂಥಾ ನೋಟ ಕಣೇ! ನೀನು ನೋಡ್ಬೇಕಿತ್ತು!" ಬೇಕರಿಯವನು ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಾರು?" ಎಂದ. "ನಾನು ಇವಳ ಗಂಡ" ಎಂದರು. ಆ ಹೆಂಗಸು ನನ್ನ ಮುಖ ನೋಡಿದಳು. ಶಾಲಿನ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿದಳು, ಅಷ್ಟೆ.

ಆಸ್ಪತ್ರೆಯಿಂದ ಮನೆಗೆ ಬರುವಾಗ ಗಾಡಿಯಲ್ಲಿ ಹೇಳಿದರು: "ಅಕ್ಕನಿಗೆ ಇದೆಲ್ಲ ಹೇಳ್ಬೇಡ. ಸುಮ್ನೆ ಗಾಬರಿ ಆಗ್ತಾಳೆ. ಬಚ್ಚಲಲ್ಲಿ ಜಾರಿದೆ ಅಂದ್ಬಿಡು." ನೋವಿನ ಮಾತ್ರೆಯ ಮಂಪರಿನಲ್ಲಿ ಹೂಂ ಎಂದೆ. ಮರುದಿನ ನೀವು ಬಂದಿರಿ. ತೋಳು ಮಡಚಿ ನಮ್ಮ ಬಚ್ಚಲು ತಿಕ್ಕಿದಿರಿ. "ಇಷ್ಟು ಪಾಚಿ ಕಟ್ಟೋವರೆಗೂ ಏನೇ ಮಾಡ್ತಿದ್ದೆ?" ಎಂದು ಒಳಗಿನಿಂದಲೇ ಗದರಿದಿರಿ. ಮಂಚದ ಮೇಲೆ ಪ್ಲಾಸ್ಟರಿನ ಕಾಲು ಚಾಚಿ ಮಲಗಿದ್ದೆ. ಅವರು ಬಚ್ಚಲ ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಕೇಳಿಸಿತು: "ನಾನೂ ಹೇಳ್ತಾನೇ ಇದ್ದೆ ಅಕ್ಕ. ಎಲ್ಲಿ ಕೇಳ್ತಾಳೆ?"

ಇದನ್ನೂ ನುಂಗಿಕೊಂಡೆ. ಮುರಿದ ಕಾಲಿಗೂ ಒಂದು ವಾಯಿದೆ ಇರುತ್ತದೆ, ಆಮೇಲೆ ನಡೆಯುತ್ತದೆ. ಗಂಡ ಬಿಟ್ಟುಹೋದ ಎನ್ನುವುದಕ್ಕೂ ಅಂಥದ್ದೇ ವಾಯಿದೆ ಇರಬಹುದು ಎಂದುಕೊಂಡಿದ್ದೆ. ಅವರು ಒಮ್ಮೆ "ತಪ್ಪಾಯ್ತು" ಎಂದಿದ್ದರೆ ಸಾಕಿತ್ತು. ಅವರು ಹಾಗೆನ್ನಲಿಲ್ಲ, ಕಥೆ ಕಟ್ಟಿದರು.

ಮೊದಮೊದಲು ಅವರು "ನಾನು ನೋಡಿದೆ" ಎನ್ನುತ್ತಿದ್ದರು. ಕೇಳಿದವರು "ಒಬ್ರೇ ಹೋಗಿದ್ರಾ?" ಎನ್ನುತ್ತಿದ್ದರೇನೋ. ಕ್ರಮೇಣ ಅದು "ನಾವಿಬ್ಬರೂ ನೋಡಿದ್ವಿ" ಆಯಿತು. ಆಮೇಲೆ ಕೈ ಹಿಡಿದದ್ದು ಸೇರಿತು. ಆಮೇಲೆ ನನ್ನ ಅಳು. ಉಪ್ಪು ಖಾರ ಹಾಕಿದಂತೆಲ್ಲ ರುಚಿ ಹೆಚ್ಚುತ್ತಿತ್ತು. ನಿಮ್ಮ ಮಗಳ ಹುಟ್ಟುಹಬ್ಬದ ಊಟ ನೆನಪಿದೆಯೇ? ಎಲ್ಲರೂ ಕೈ ತೊಳೆಯುವುದನ್ನೂ ಮರೆತು ಅವರ ಬಾಯಿ ನೋಡುತ್ತಿದ್ದರು. ಕೊನೆಯಲ್ಲಿ ನನ್ನ ಕಡೆ ತಿರುಗಿ "ಅಲ್ವೇನೇ?" ಎಂದರು. ಇಡೀ ಮೇಜು ನನ್ನನ್ನು ನೋಡಿತು. "ಹೌದು. ಗಾಳಿ ತುಂಬ ತಣ್ಣಗಿತ್ತು" ಎಂದೆ. ನೀವು ಕಣ್ಣೊರೆಸಿಕೊಂಡು, "ನೋಡಿ ಕಲೀರಿ" ಎಂದು ಭಾವನಿಗೆ ತಿವಿದಿರಿ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವರು ಶಿಳ್ಳೆ ಹಾಕುತ್ತಿದ್ದರು.

ಆಮೇಲೆ ಒಂದು ದಿನ ನಮ್ಮ ಅಂಗಡಿಗೆ ಒಬ್ಬಳು ಹುಡುಗಿ ಬಂದಳು. ಲೈಸೆನ್ಸಿಗೆ ಕಣ್ಣು ಪರೀಕ್ಷೆ ಮಾಡಿಸಬೇಕಿತ್ತು. ಬೋರ್ಡಿನ ಅಕ್ಷರ ಓದಿಸುತ್ತಿದ್ದೆ. ನಡುವೆ ನಿಲ್ಲಿಸಿ, "ನಮ್ಮ ಡ್ರೈವಿಂಗ್ ಸಾರ್ ಮನೆಯವರು ನೀವೇನಾ? ಗ್ರಹಣ ನೋಡಿ ಅತ್ಬಿಟ್ರಂತಲ್ಲ! ನಂಗೂ ಅಂಥೋರೇ ಸಿಗ್ಲಿ ಅಂತ ಮನೇಲಿ ಹೇಳಿದೀನಿ" ಎಂದಳು. ಪಾಪದ ಹುಡುಗಿ, ಮನಸ್ಸಿನಿಂದ ಹೇಳಿದಳು. ಕೊನೆಯ ಸಾಲು ಓದಮ್ಮ ಎಂದೆ. ಅವಳು ಓದಿದ್ದು ಸರಿಯೋ ತಪ್ಪೋ ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಓದಿಸಿದೆ.

ಸಂಜೆ ಅವರು ಅಡುಗೆಮನೆಗೆ ನೀರು ಕುಡಿಯಲು ಬಂದಾಗ ಕೇಳಿದೆ. ಊರಿಗೆಲ್ಲ ಏನು ಬೇಕಾದರೂ ಹೇಳಿ, ನನ್ನೊಬ್ಬಳಿಗೆ, ಇಲ್ಲಿ, ಈಗ, ಅವತ್ತು ಏನಾಯಿತು ಎಂದು ಒಂದು ಸಲ ಹೇಳಿ ಎಂದೆ. ನಕ್ಕರು. "ಬಿಡೇ, ಚೆನ್ನಾಗಿರೋ ಕಥೆನ ಯಾಕೆ ಹಾಳು ಮಾಡ್ತೀಯ?" ಎಂದರು. ಬಿಡಲಿಲ್ಲ. ನಾನು ಎಲ್ಲಿದ್ದೆ ಹೇಳಿ ಎಂದೆ. ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಸುಳ್ಳು ಹೇಳುವವರ ಮುಖವಲ್ಲ ಅದು ಅಕ್ಕ. ಎಂದೋ ಓದಿದ್ದನ್ನು ನೆನಪಿಸಿಕೊಳ್ಳಲು ಒದ್ದಾಡುವವರ ಮುಖ. "ನೀನೂ ಮೇಲೇ ಇದ್ಯಲ್ಲ? ಕೊನೇಲಿ ಹೇಗೋ ಕುಂಟ್ಕೊಂಡು ಬಂದ್ಯಲ್ಲ?" ಎಂದರು.

ಅವರು ಬಿಟ್ಟುಹೋದವಳು ಅವರ ನೆನಪಿನ ಇಳಿಜಾರಿನಲ್ಲಿ ಈಗ ಇರಲೇ ಇಲ್ಲ. ಅವಳನ್ನು ಅಳಿಸಿ, ತುದಿಯಲ್ಲಿ ಅಳುವ ಒಬ್ಬಳನ್ನು ನಿಲ್ಲಿಸಿದ್ದರು. ಊರಿಗೆಲ್ಲ ಅವಳು ಇಷ್ಟ. ನಿಮಗೂ ಇಷ್ಟ. ಆ ಮನೆಯಲ್ಲಿ ಅವಳಿಗೆ ಜಾಗವಿತ್ತು, ನನಗಿರಲಿಲ್ಲ. ಮರುದಿನ ಅವರು ಪಾಠಕ್ಕೆ ಹೋದಾಗ ಬಟ್ಟೆ ತುಂಬಿಕೊಂಡು ಬಂದೆ.

ಇನ್ನು ಒಂದು ಮಾತು. ಅವರನ್ನು ಬುದ್ಧಿ ಹೇಳಿ ಕಳಿಸುತ್ತೇನೆ ಎಂದಿದ್ದೀರಿ. ಬೇಡ. ಬಂದರೆ ಮೆಟ್ಟಿಲಲ್ಲೇ ಸೈಕಲ್ ರಿಪೇರಿಯವನನ್ನು ನಿಲ್ಲಿಸಿಕೊಂಡು ಗ್ರಹಣದ ಕಥೆ ಹೇಳುತ್ತಾರೆ, ಅವನೂ ಕಣ್ಣೊರೆಸಿಕೊಳ್ಳುತ್ತಾನೆ. ನೀವು ನನ್ನನ್ನು ನಂಬಲೇಬೇಕೆಂದೂ ಇಲ್ಲ. ಒಡಹುಟ್ಟಿದವನ ಮಾತು ಬೇರೆ, ಹೊರಗಿನಿಂದ ಬಂದವಳ ಮಾತು ಬೇರೆ. ನಡೆದದ್ದನ್ನು ನಡೆದ ಹಾಗೆ ಒಬ್ಬರಿಗಾದರೂ ಹೇಳಿ ಮುಗಿಸಬೇಕಿತ್ತು. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ. ಭಾವನಿಗೆ ನಮಸ್ಕಾರ ತಿಳಿಸಿ.

ಇಂತಿ,
ನೀವು ಯಾವಾಗಲೂ ಬೈಯುತ್ತಿದ್ದ
ಮೌನಗೌರಿ

ಮರೆತಿದ್ದೆ: ಮೇಲೆ ಬಂಡೆ ಅಡ್ಡವಾಗಿತ್ತು, ಕತ್ತಲಾಯಿತು, ಅಷ್ಟೆ ಎಂದು ಬರೆದಿದ್ದೇನೆ. ಅಷ್ಟೇ ಅಲ್ಲ. ಅವರು ಮರೆಯಾದ ಮೇಲೆ ಮೊಣಕೈ ಊರಿಕೊಂಡು, ಕಾಲು ಎಳೆದುಕೊಂಡು, ಹಲ್ಲು ಕಚ್ಚಿಕೊಂಡು ಬಂಡೆಯ ಆಚೆ ತೆವಳಿದೆ. ಪೂರ್ತಿ ನೋಡಿದೆ ಅಕ್ಕ. ಆಕಾಶದಲ್ಲಿ ಕಪ್ಪು ತೂತು, ಸುತ್ತ ಬಿಳಿಯ ಕೂದಲು ಕೆದರಿದ ಹಾಗೆ ಬೆಳಕು, ಬೆಟ್ಟಸಾಲಿನ ಸುತ್ತಲೂ ಒಂದೇ ಸಲ ಸಂಜೆ. ಹಕ್ಕಿಗಳು ಗಪ್ಪೆಂದು ಸುಮ್ಮನಾದವು. ಅತ್ತೆನೇ? ಇಲ್ಲ. ನಕ್ಕೆ, ಜೋರಾಗಿ, ಒಬ್ಬಳೇ. ಅಷ್ಟು ಸುಖವಾಗಿ ನಾನು ಯಾರ ಪಕ್ಕದಲ್ಲೂ ಯಾವತ್ತೂ ಇರಲಿಲ್ಲ. ಇದನ್ನು ಮಾತ್ರ ಅವರಿಗೆ ಹೇಳಬೇಡಿ. ಗೊತ್ತಾದರೆ ಇದನ್ನೂ ಕಥೆಗೆ ಸೇರಿಸಿಕೊಳ್ಳುತ್ತಾರೆ.