ಔಯಾಂಗ್ ಅಜ್ಜಿಯ ಶವಪೆಟ್ಟಿಗೆ

ಲಿಯುಯಾಂಗ್ ನದಿಯ ದಂಡೆ,
ಜನವರಿ ೨೨, ೧೯೪೨

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಈ ಚಳಿಯಲ್ಲಿ ಬಟ್ಟೆ ಒಗೆಯಲು ಕೆರೆಗೆ ಹೋಗಬೇಡ ಎಂದರೆ ಕೇಳುವವಳಲ್ಲ ನೀನು. ಚಾಂಗ್ಶಾ ನಮ್ಮ ಕೈಯಲ್ಲೇ ಉಳಿಯಿತು, ಜಪಾನಿನ ಸೈನ್ಯ ಹಿಂದೆ ಸರಿದಿದೆ. ನಾನೂ ಬದುಕಿದ್ದೇನೆ, ಅದೂ ಒಂದು ಶವಪೆಟ್ಟಿಗೆಯ ದಯೆಯಿಂದ. ನಗಬೇಡ, ಕೇಳು.

ಹಿಂದೆ ಸರಿಯುತ್ತಿದ್ದವರನ್ನು ಅಡ್ಡಗಟ್ಟಲು ಹೋದಾಗ ನನ್ನ ಕಾಲಿಗೆ ಗುಂಡು ಬಿತ್ತು. ತೆವಳಿಕೊಂಡು ಒಂದು ಹಳ್ಳಿ ಸೇರಿದೆ. ಊರಿಗೆ ಊರೇ ಖಾಲಿ, ಔಯಾಂಗ್ ಅಜ್ಜಿ ಒಬ್ಬಳನ್ನು ಬಿಟ್ಟು. ಆಕೆಯೂ ನಿನ್ನ ಹಾಗೆಯೇ, ತನ್ನ ಶವಪೆಟ್ಟಿಗೆಯನ್ನು ಮೊದಲೇ ಮಾಡಿಸಿ, ವರ್ಷವರ್ಷ ಮೆರುಗೆಣ್ಣೆ ಬಳಿದು ನಡುಮನೆಯಲ್ಲಿ ಇಟ್ಟುಕೊಂಡವಳು. ಅದನ್ನು ಹೊರಲಾರದೆ, ಬಿಟ್ಟುಹೋಗಲೂ ಮನಸ್ಸಾಗದೆ ಕೂತಿದ್ದಳು. (ನಿನ್ನದರ ಮೇಲೆ ಗೆಣಸಿನ ಬುಟ್ಟಿ ಇಟ್ಟೆನೆಂದು ನನಗೆ ಪೊರಕೆಸೇವೆ ಮಾಡಿದ್ದೆಯಲ್ಲ.) ಜಪಾನಿನವರ ಬೂಟಿನ ಸದ್ದು ಕೇಳಿದ್ದೇ ತಡ, "ಏಳೋ, ಒಳಗೆ ಮಲ್ಕೋ. ನಂಗಿಂತ ಮುಂಚೆ ನಿಂಗೇ ಯೋಗ ಬಂತು ನೋಡು" ಎಂದು ನನ್ನನ್ನು ಅದರೊಳಗೆ ತಳ್ಳಿ ಮುಚ್ಚಳ ಎಳೆದಳು. ತೋಫು ಹುದುಗಿಸುವ ನಾರುವ ನೀರನ್ನು ಸುತ್ತ ಚೆಲ್ಲಿ, ಗಂಡ ಸತ್ತವಳಂತೆ ಗೋಳಾಡಿದಳು. ಬಂದವರು ಮೂಗು ಮುಚ್ಚಿಕೊಂಡು ಹೊರನಡೆದರು. ಹೋಗುತ್ತಾ ಸೂರಿಗೆ ಬೆಂಕಿಯಿಟ್ಟರು. ಹಿಂದೆಯೇ ಬಂದ ನಮ್ಮವರು ನನ್ನನ್ನು ಪೆಟ್ಟಿಗೆ ಸಮೇತ ಹೊರಗೆಳೆದರು. ಮನೆ ಉಳಿಯಲಿಲ್ಲ.

ಆಸ್ಪತ್ರೆಯ ಡೇರೆಯವರೆಗೆ ಅದರಲ್ಲೇ ಹೊತ್ತು ತಂದರು. "ಮೆಲ್ಲಗೆ ಹಿಡೀರಪ್ಪಾ, ಬಣ್ಣ ಕಿತ್ತೋಗತ್ತೆ" ಎಂದು ಅಜ್ಜಿ ದಾರಿಯುದ್ದಕ್ಕೂ ಬೈದಳು. ಅಂಥವಳು, ನನ್ನ ಪಕ್ಕದ ಸೈನಿಕ ತೀರಿಕೊಂಡು ಅವನನ್ನು ಚಾಪೆಯಲ್ಲಿ ಸುತ್ತುವುದನ್ನು ಕಂಡಾಗ, "ಹೆತ್ತೋಳು ಎಲ್ಲೋ ಇದಾಳೆ. ಹೀಗೆ ಮಣ್ಣಿಗೆ ಹಾಕಿದ್ರೆ ಅವಳ ಕರುಳು ಏನಂದೀತು?" ಎಂದು ಪೆಟ್ಟಿಗೆಯನ್ನು ಕೊಟ್ಟೇಬಿಟ್ಟಳು.

ಈಗ ಆಕೆಗೆ ಮನೆಯಿಲ್ಲ, ಮಕ್ಕಳು ಮೊದಲೇ ಇಲ್ಲ, ಪೆಟ್ಟಿಗೆಯೂ ಇಲ್ಲ. ಆದರೂ ದಿನಾ ನನಗೆ ಗಂಜಿ ಕುಡಿಸಿ, ನಾಲ್ಕು ಬೈದು ಹೋಗುತ್ತಾಳೆ. ಈ ಋಣ ನಾನೊಬ್ಬನೇ ತೀರಿಸುವಂಥದಲ್ಲ ಅಮ್ಮಾ.

ಅಕ್ಕನಿಗೂ ಅವಳ ಮಕ್ಕಳಿಗೂ ನನ್ನ ನೆನಪು ಹೇಳು. ಹೊಸ ವರ್ಷದ ನಮಸ್ಕಾರ ಇಲ್ಲಿಂದಲೇ.

ನಿನ್ನ ಮಗ,
ಶೂಗನ್

ಟಪಾಲಿನವನು ಅವಸರ ಮಾಡುತ್ತಿದ್ದಾನೆ, ಇಷ್ಟು ಬರೆದುಬಿಡುತ್ತೇನೆ. ಎಡಗಾಲನ್ನು ಮಂಡಿಯ ಕೆಳಗೆ ತೆಗೆದಿದ್ದಾರೆ, ಅಳಬೇಡ. ಗಾಯ ಒಣಗಿದ ಮೇಲೆ ಊರಿಗೆ ಕಳಿಸುತ್ತಾರೆ. ಅಜ್ಜಿಯನ್ನೂ ಕರೆದುಕೊಂಡು ಬರುತ್ತೇನೆ. ಶಾಂಘೈ ಯುದ್ಧಕ್ಕೆ ಹೋದ ಅಪ್ಪ ಬರಲೇ ಇಲ್ಲ. ನೀನು ಮಾತ್ರ ಇಂದಿಗೂ ನಿನ್ನದು, ಅಪ್ಪನದು ಎರಡೂ ಪೆಟ್ಟಿಗೆಗಳಿಗೆ ಮೆರುಗೆಣ್ಣೆ ಬಳಿಯುತ್ತೀಯ. ಈ ವರ್ಷ ಅಪ್ಪನದಕ್ಕೆ ನಾನು ಬಳಿಯುತ್ತೇನೆ, ಅಜ್ಜಿಗೆಂದು. ಆಗಬಹುದಾ ಅಮ್ಮಾ?