ದೊರೆಸಾನಿ ಕಿತ್ತುಕೊಂಡ ಕೂದಲು

ಶುಕ್ರವಾರ, ಮಾರ್ಚ್ ೧೩
ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಗುಂಡಿ,

ಹೇಗಿದ್ದೀಯೆ? ನಾನು ಇಲ್ಲಿ ಚೆನ್ನಾಗಿದ್ದೇನೆ. ನಿನ್ನ ಮೂರು ಕಾಗದಗಳಿಗೂ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ತಪ್ಪಾಯಿತು, ಕ್ಷಮಿಸು. ಹೊಲಿಗೆ ಕೆಲಸ ಕುತ್ತಿಗೆವರೆಗೆ ಇತ್ತು ಎಂದು ಸುಳ್ಳು ಹೇಳಬಹುದಿತ್ತು, ಆದರೆ ನಲವತ್ತು ವರ್ಷ ನಿನಗೆ ಅಕ್ಕನಾಗಿದ್ದ ಮೇಲೆ ಆ ಸಂಕೋಚ ಯಾಕೆ? ಬೇಕೆಂದೇ ತಡಮಾಡಿದೆ. ನಾನು ಹೊಲಿದ ಕೋಟು ಮೊದಲು ತಲುಪಲಿ, ಕಾಗದ ಆಮೇಲೆ ತಲುಪಲಿ ಎಂದು ಕಾದೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಆ ಕಾಟವಿಲ್ಲ.

ಕೋಟು ಚೆನ್ನಾಗಿ ಕೂತಿದೆಯಂತೆ. "ಅಕ್ಕಾ, ಒಂದು ನೂಲೂ ಆಚೆ ಈಚೆ ಇಲ್ಲ ಕಣೇ, ನಿನ್ನ ಕೈಗೆ ಮುತ್ತಿಡಬೇಕು!" ಎಂದು ಮೊನ್ನೆ ಫೋನಿನಲ್ಲಿ ಕುಣಿದಾಡಿದೆಯಲ್ಲ. ಈಗ ಅದನ್ನೇ ತೊಟ್ಟು ನಿಮ್ಮ ಕೇಶವಿನ್ಯಾಸ ಸಂಘದ ವೇದಿಕೆಯ ಮೇಲೆ ನಿಂತಿರುತ್ತೀಯ. ಈ ವರ್ಷದ ಪ್ರಶಸ್ತಿ ನಿನ್ನ ಪಾರ್ಲರಿಗೆ. ಬೆನ್ನ ಹಿಂದೆ ಅಮ್ಮನ ಆಳೆತ್ತರದ ಫೋಟೋ, ಸೊಂಟದವರೆಗೆ ಜಡೆ. "ನನ್ನ ಅಮ್ಮನ ಜಡೆಯೇ ನನಗೆ ಮೊದಲ ಪಾಠ" ಎಂಬ ಭಾಷಣವನ್ನು ನನಗೆ ಎರಡು ಸಲ ಓದಿ ಹೇಳಿದೆ. ಎರಡು ಸಲವೂ ನಾನು ಚೆನ್ನಾಗಿದೆ ಎಂದೆ.

ಇರಲಿ. ದೊರೆಸಾನಿಯ ಸುದ್ದಿ ಕೇಳು. ಅಮ್ಮನ ಬೆಕ್ಕು ನೆನಪಿದೆಯಲ್ಲ? ಅಮ್ಮ ಹೋದ ಮೂರನೇ ದಿನವೇ ಅದನ್ನು ಬುಟ್ಟಿಗೆ ಹಾಕಿ ನನಗೆ ಸಾಗಹಾಕಿದೆ. "ಇದರ ಕೂದಲು ತಗುಲಿದ್ರೆ ನಂಗೆ ಮೈಯೆಲ್ಲ ದದ್ದು ಏಳುತ್ತೆ, ಗೊತ್ತಲ್ಲ" ಎಂದೆ. ಗೊತ್ತು. ಚಿಕ್ಕಂದಿನಿಂದ ಗೊತ್ತು.

ಎರಡು ತಿಂಗಳ ಹಿಂದೆ ದೊರೆಸಾನಿ ತನ್ನ ಹೊಟ್ಟೆಯ ಕೂದಲನ್ನು ತಾನೇ ಕೀಳತೊಡಗಿದಳು. ನನ್ನ ಹೊಲಿಗೆ ಯಂತ್ರದ ಕೆಳಗೆ ಕೂತು, ಬಾಯಿ ತುಂಬ ಕಚ್ಚಿ ಎಳೆದು ಉಗುಳುವಳು. ವಾರದೊಳಗೆ ಹೊಟ್ಟೆ ನನ್ನ ಅಂಗೈಯ ಹಾಗೆ ಬೋಳು. ಎದುರಿನ ಇಸ್ತ್ರಿಯವನು ನೋಡಿ, "ಯಜಮಾನ್ತಿ ನೆನಪು ಕಣಮ್ಮ ಅದಕ್ಕೆ, ಪ್ರಾಣಿಗೂ ದುಃಖ ಇರುತ್ತೆ" ಎಂದ. ದಾರದಂಗಡಿಯವಳು ಚಿಗಟವೆಂದಳು. ಸ್ನಾನ ಮಾಡಿಸಿದೆ, ಮೈಯೆಲ್ಲ ಪರಚಿಸಿಕೊಂಡೆ, ಬೈದೆ. ಕೊನೆಗೆ ನನಗೆ ಬರುವ ಒಂದೇ ವಿದ್ಯೆ ತೋರಿಸಿದೆ. ಅದಕ್ಕೊಂದು ಅಂಗಿ ಹೊಲಿದೆ. ಮೆತ್ತನೆ ಹತ್ತಿ ಬಟ್ಟೆ, ನಾಲ್ಕು ತೋಳು, ಬೆನ್ನಿಗೆ ಹುಕ್ಕು. ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅಂಗಡಿಗೆ ಬಂದವರೆಲ್ಲ ಹೊಗಳಿದರು. ಬೆಕ್ಕು ಊಟ ಬಿಟ್ಟಿತು.

ಪ್ರಾಣಿಗಳ ಡಾಕ್ಟರ ಬಳಿ ಒಯ್ದೆ. ನನ್ನ ವಯಸ್ಸಿನ ಹೆಂಗಸು. ಮೊದಲು ಕತ್ತರಿ ತೆಗೆದು ನನ್ನ ಅಂಗಿಯನ್ನು ಕುತ್ತಿಗೆಯಿಂದ ಬಾಲದವರೆಗೆ ಸೀಳಿದಳು. ಹೊಟ್ಟೆ ಒತ್ತಿದಳು. ದೊರೆಸಾನಿ ಕೂಗಿದ ಕೂಗಿಗೆ ಹೊರಗೆ ಕೂತಿದ್ದ ನಾಯಿಗಳೂ ಸುಮ್ಮನಾದವು.

"ಅಂಗಿ ಚೆನ್ನಾಗಿ ಹೊಲಿದಿದ್ದೀರಿ," ಎಂದಳು ಡಾಕ್ಟರು. "ಆದ್ರೆ ನೋವಿರೋದು ಒಳಗೆ. ಮೂತ್ರಕೋಶದಲ್ಲಿ ಹರಳಾಗಿದೆ. ಪಾಪ, ಅದಕ್ಕೆ ಬಾಯಿ ಬಿಟ್ಟು ಹೇಳೋಕೆ ಬರಲ್ಲ, ನೋಯೋ ಜಾಗದ ಕೂದಲು ಕೀಳುತ್ತೆ. ನೀವು ಅದನ್ನೂ ಮುಚ್ಚಿಬಿಟ್ರಿ."

ಔಷಧಿ ಕೊಟ್ಟಳು. ಈಗ ಹೊಟ್ಟೆಯ ಮೇಲೆ ಬೂದಿ ಬಣ್ಣದ ಹೊಸ ಕೂದಲು ಬರುತ್ತಿದೆ. ಅವಳ ಚಿಂತೆ ಬಿಡು. ಆವತ್ತು ಬುಟ್ಟಿ ಹಿಡಿದು ಮನೆಗೆ ನಡೆದು ಬರುವಾಗ ನನ್ನ ಕಣ್ಣ ಮುಂದೆ ಬಂದದ್ದು ನೀನು.

ಏಳು ತಿಂಗಳ ಹಿಂದೆ, ನಿನ್ನ ಪಾರ್ಲರಿನ ಮೇಲಿನ ಕೋಣೆ. ಅಮ್ಮ ಕಿಟಕಿಯ ಹತ್ತಿರ ಕೂತು ಹಣೆಯ ಪಕ್ಕದ ಕೂದಲನ್ನು ಒಂದೊಂದಾಗಿ ಕೀಳುತ್ತಿದ್ದಳು. ಆಗ ನೀನು ಏನು ಮಾಡಿದೆ? ನಿನಗೆ ಬರುವ ಒಂದೇ ವಿದ್ಯೆ ತೋರಿಸಿದೆ. ಮೆಷಿನ್ ತಂದು ಬೋಳಿಸಿದೆ. "ಅಮ್ಮ ಮೆಟ್ಟಿಲಿಳಿದು ಬಂದ್ರೆ ಗಿರಾಕಿಗಳು ನೋಡ್ತಾರೆ ಕಣೇ. ಅಲ್ಲಲ್ಲಿ ಬೋಳು ಕಾಣೋದಕ್ಕಿಂತ ಪೂರ್ತಿ ತೆಗೆದ್ರೆ ನೀಟು" ಎಂದೆ ನನಗೆ. ನೀಟು! ನಾನು ಬಂದಾಗ ಅಮ್ಮ ಬೆನ್ನ ಹಿಂದೆ ಕೈ ಹಾಕಿ ಜಡೆ ಹುಡುಕುತ್ತಿದ್ದಳು. ಹತ್ತೊಂಬತ್ತು ದಿನಕ್ಕೆ ಹೋದಳು. ಹೊಟ್ಟೆಯಲ್ಲಿ ಗೆಡ್ಡೆ ಇದೆಯೆಂದು ಗೊತ್ತಾದದ್ದು ಕೊನೆಗೆ ನಾಲ್ಕು ದಿನ ಉಳಿದಾಗ. ಆರು ತಿಂಗಳಿಂದ ಇದ್ದಿರಬೇಕು, ಯಾರೂ ನೋಡಲಿಲ್ಲವೆ, ಎಂದು ಆಸ್ಪತ್ರೆಯವರು ನಿನ್ನನ್ನೇ ಕೇಳಿದರು.

ಮೂರು ವರ್ಷದವಳಿದ್ದಾಗ ನನ್ನ ಹೊಲಿಗೆ ಡಬ್ಬಿಯ ಗುಂಡಿ ನುಂಗಿ ನೀನು ಈ ಹೆಸರು ಗಿಟ್ಟಿಸಿಕೊಂಡೆ. ಅಂದು ನೀನು "ಹೊಟ್ಟೆ" ಎಂದದ್ದೇ ತಡ, ಅಮ್ಮ ನಿನ್ನನ್ನು ಎತ್ತಿಕೊಂಡು ಬರಿಗಾಲಲ್ಲಿ ಓಡಿದ್ದಳು. ಊಟ ಬಿಟ್ಟು ಕನ್ನಡಿ ಮುಂದೆ ನಿಲ್ಲುತ್ತಿದ್ದ ನಿನ್ನನ್ನು ಅಪ್ಪ "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ" ಎಂದು ರೇಗಿಸುತ್ತಿದ್ದದ್ದೂ ನೆನಪಿರಬೇಕು. ನೀನು ಬದಲಾಗಲೇ ಇಲ್ಲ. ನಿನಗೆ ಕೂದಲು ಕಾಣುತ್ತದೆ, ಹೊಟ್ಟೆ ಕಾಣುವುದಿಲ್ಲ.

ಈಗ ಕೋಟಿನ ವಿಷಯ. ದೊರೆಸಾನಿ ಉಗುಳಿದ ಕೂದಲನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದೆ. ಯಾಕೆಂದು ಆಗ ನನಗೇ ಗೊತ್ತಿರಲಿಲ್ಲ. ನೀನು ಕೋಟು ಬೇಕೆಂದ ದಿನ ಗೊತ್ತಾಯಿತು. ಕುತ್ತಿಗೆಪಟ್ಟಿ, ಕಂಕುಳು, ಬೆನ್ನು, ಮೂರು ಕಡೆಯೂ ಲೈನಿಂಗಿನ ಒಳಗೆ ತೆಳ್ಳಗೆ ಹರಡಿ, ಜಾಳು ಬಟ್ಟೆ ಕೊಟ್ಟು ಹೊಲಿದಿದ್ದೇನೆ. ಐದು ನಿಮಿಷ ತೊಟ್ಟು ಬಿಚ್ಚಿದರೆ ಏನೂ ಆಗುವುದಿಲ್ಲ. ದೀಪದ ಬಿಸಿ, ಮೈ ಬೆವರು, ಅರ್ಧ ಗಂಟೆ ಭಾಷಣ, ಇಷ್ಟು ಬೇಕು. ಹೆದರಬೇಡ, ಎರಡು ದಿನದ ದದ್ದು, ಅಷ್ಟೆ. ಆದರೆ ನಾಲ್ಕು ಜನರ ಎದುರು ನಿನ್ನ ಮೈಯನ್ನು ನೀನೇ ಪರಚಿಕೊಳ್ಳಬೇಕು. ಮುಂದಿನ ಸಾಲಿನಲ್ಲಿ ಕೂತ ಯಾರಾದರೂ ಎದ್ದು, "ಏನಮ್ಮ, ಏನಾಗ್ತಿದೆ ನಿಂಗೆ?" ಎಂದು ಕೇಳಬೇಕು. ಅಮ್ಮನನ್ನು ಯಾರೂ ಕೇಳದ ಪ್ರಶ್ನೆ ಅದು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಹಾರಾಣಿಯರಿಗೆ ಬೇರೆ ಅಡುಗೆ ಮಾಡಿಟ್ಟಿರುವುದಿಲ್ಲ. ಇಷ್ಟು ಬರೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಹಾಯಾಗಿದೆ.

ದದ್ದಿನ ಮೇಲೆ ತಣ್ಣೀರು ಬಟ್ಟೆ ಹಾಕಿಕೋ, ಉಗುರು ತಾಗಿಸಬೇಡ. ನಿನ್ನ ಅಂಗಡಿಗೆ ಗಿರಾಕಿ ತಪ್ಪದಿರಲಿ, ನಿನ್ನ ಕತ್ತರಿ ಮೊಂಡಾಗದಿರಲಿ. ನೂರು ವರ್ಷ ಬಾಳು. ಒಂದು ದಿನವೂ ಮರೆಯದೆ ಬಾಳು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. "ನಾನು ಬೋಳಿಸುವುದಕ್ಕೂ ಮೊದಲು ಅಮ್ಮನ ತಲೆಗೆ ಕುಲಾವಿ ಹೊಲಿದು ಕಳಿಸಿದ್ದು ಯಾರು?" ಎಂದು ನೀನು ಕೇಳಬಹುದು. ಏಳು ತಿಂಗಳಾದರೂ ನೀನು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ನಿನ್ನ ಜೊತೆ ಜಗಳವಾಡಿ ಹಗುರಾಗುತ್ತಿದ್ದೆ. ನೀನು ಮೆಷಿನ್ ಹಿಡಿಯುವ ಒಂದು ತಿಂಗಳ ಮೊದಲು ಅಮ್ಮ ನನಗೆ ಫೋನ್ ಮಾಡಿದ್ದಳು. "ಮಗಾ, ಹೊಟ್ಟೇಲಿ ಯಾರೋ ಹಿಂಡಿದ ಹಾಗಾಗುತ್ತೆ. ಆವಾಗ ಕೈ ತಾನಾಗೇ ತಲೆಗೆ ಹೋಗಿ ಕೂದಲು ಕಿತ್ಕೋತೀನಿ. ಗುಂಡಿಗೆ ಹೇಳ್ಬೇಡ, ಪಾಪ, ದಿನವಿಡೀ ನಿಂತು ಸುಸ್ತಾಗಿರ್ತಾಳೆ." ಫೋನು ನನ್ನ ಭುಜ ಕಿವಿಗಳ ನಡುವೆ ಇತ್ತು, ಯಂತ್ರ ಓಡುತ್ತಿತ್ತು. "ಅಷ್ಟೇ ತಾನೆ ಅಮ್ಮ, ಕೈಗೆ ಕೂದಲು ಸಿಗದ ಹಾಗೆ ಒಂದು ಕುಲಾವಿ ಹೊಲಿದು ಕಳಿಸ್ತೀನಿ" ಎಂದೆ. ನಿನಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಅವಳು ಹೊಟ್ಟೆ ಎಂದಳು. ನಾನು ತಲೆಯ ಅಳತೆ ಕೇಳಿದೆ.