ಇಲಿಗಳು ಗೂಡು ಕಟ್ಟಿದ ಬೆಳಿಗ್ಗೆ

ನನ್ನ ಗುಬ್ಬಿಗೆ,

ಕೆಟ್ಟ ಕನಸು ಬಿತ್ತು ಕಣೆ. ಲ್ಯಾಬಿನ ಪ್ರಾಣಿಮನೆಯಲ್ಲಿ ಪಂಜರ ತೊಳೆಯುತ್ತಿದ್ದೇನೆ, ಅಂಕಿ ಬರೆದು ಅಂಟಿಸಿದ ಚೀಟಿಗಳೆಲ್ಲ ನೀರಲ್ಲಿ ಕೊಚ್ಚಿಕೊಂಡು ಮೋರಿ ಸೇರುತ್ತಿವೆ. ಯಾವ ಇಲಿಗೆ ನಿನ್ನ ಔಷಧಿ, ಯಾವುದಕ್ಕೆ ಬರೀ ಉಪ್ಪುನೀರು, ಹೇಳುವವರೇ ಇಲ್ಲ. ಬೆವರಿ ಎದ್ದು ಕೂತೆ. ಆಮೇಲೆ ನೆನಪಾಯಿತು, ನಾವು ಗೆದ್ದಾಗಿದೆ! ನಾಳೆ ನೀನು ವಿಜ್ಞಾನಿಗಳ ದೊಡ್ಡ ಸಭೆಯಲ್ಲಿ ಅದನ್ನು ಹೇಳುತ್ತೀಯ. ಎದುರಿಗೆ ಬಾಯಿ ಬಿಟ್ಟರೆ "ಶುರುವಾಯ್ತು ಇವಳದು" ಅಂತೀಯ. ಅದಕ್ಕೇ ಬರೆದು ನಿನ್ನ ಬ್ಯಾಗಿಗೆ ತುರುಕಿದ್ದೇನೆ.

ಅಪ್ಪನ ಮೇದೋಜೀರಕ ಗ್ರಂಥಿ ಊದಿಕೊಂಡಾಗ ನೀನು ತೊಡೆ ಮೇಲಿನ ಕೂಸು. ನಾನು ಏಳನೇ ಕ್ಲಾಸು ಅರ್ಧಕ್ಕೇ ಬಿಟ್ಟು ನಿನ್ನನ್ನು ಎತ್ತಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತವಳು. ಡಾಕ್ಟರ ಮಾತು ಇನ್ನೂ ಕಿವಿಯಲ್ಲಿದೆ: "ಊಟ ಅರಗಿಸೋ ರಸ ಗ್ರಂಥಿಯನ್ನೇ ಅರಗಿಸ್ತಾ ಇದೆಯಮ್ಮ. ಇದಕ್ಕೇ ಅಂತ ಔಷಧಿ ಇಲ್ಲ. ಡ್ರಿಪ್ ಹಾಕಿದೀವಿ, ಕಾಯೋಣ." ನಾವು ಕಾದೆವು. ಅಪ್ಪನ ಕೈಲಿ ಆಗಲಿಲ್ಲ.

ಆ "ಇಲ್ಲ"ಕ್ಕೆ ಎದುರುತ್ತರ ಕೊಡಲೆಂದೇ ನೀನು ಓದಿದೆ. ನಾನು ಪಂಜರ ತೊಳೆಯುವ ಜಾಗಕ್ಕೇ ಬಿಳಿ ಕೋಟು ಹಾಕಿಕೊಂಡು ಬಂದು, ಎಲ್ಲರೆದುರು "ಅಕ್ಕಾ, ತಿಂಡಿ ಡಬ್ಬಿ ಮರ್ತೆ" ಅಂದೆ!

ಇಲಿಗಳಿಗೆ ಅಪ್ಪನ ಕಾಯಿಲೆಯನ್ನೇ ತರಿಸಿ, ಕೆಲವಕ್ಕೆ ಪೆಪ್ಟೈಡ್ ಎಂಬ ಆ ಪ್ರೋಟೀನಿನ ಚೂರು ಚುಚ್ಚಿದಿರಿ. ನೋಡುವವರು ಪಕ್ಷಪಾತ ಮಾಡಬಾರದೆಂದು ಯಾವುದಕ್ಕೆ ಯಾವುದೆಂಬ ಪಟ್ಟಿಯನ್ನು ಮುಚ್ಚಿಟ್ಟಿದ್ದರು; ನಿನಗೂ ಗೊತ್ತಿಲ್ಲ, ನನಗೂ ಇಲ್ಲ. ನೋವಿರುವ ಇಲಿ ಗೂಡಿಗೆಂದು ಹಾಕಿದ ಕಾಗದ ಮುಟ್ಟದೆ ಬೆನ್ನು ಗೂನು ಮಾಡಿ ಮೂಲೆ ಸೇರುತ್ತದೆ ಎಂದು ನೀನೇ ಹೇಳಿಕೊಟ್ಟಿದ್ದೆ. ಅವತ್ತು ಬೆಳಿಗ್ಗೆ ಬಾಗಿಲು ತೆಗೆದರೆ, ಎಷ್ಟೋ ಪಂಜರಗಳಲ್ಲಿ ಕಾಗದ ಸೀಳಿ ಗೂಡು ಕಟ್ಟಿಕೊಂಡು ಬೆಚ್ಚಗೆ ಮಲಗಿವೆ! ನನಗೋ ಒಂದೇ ಅನುಮಾನ. ಇವೇ ಉಪ್ಪುನೀರಿನವಾಗಿದ್ದರೆ?

ಮೊನ್ನೆ ಆ ಪಟ್ಟಿಯ ಗುಟ್ಟು ತೆರೆದಾಗ ಗೂಡು ಕಟ್ಟಿದವು ಹೆಚ್ಚುಕಡಿಮೆ ಎಲ್ಲವೂ ನಿನ್ನ ಔಷಧಿಯವೇ. ಗ್ರಂಥಿಯ ತುಣುಕುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ನಿಮ್ಮ ಮೇಷ್ಟ್ರು "ಊತ ಇಳಿದಿದೆ ಕಣಮ್ಮ, ನಿಜಕ್ಕೂ ಇಳಿದಿದೆ" ಅಂದರಂತೆ. ನೀನು ಓಡಿ ಬಂದು ಗಂಬೂಟಿನ ಸಮೇತ ನನ್ನನ್ನು ಎತ್ತಿ ತಿರುಗಿಸಿದೆಯಲ್ಲೇ! ನೀನು ಹೋದ ಮೇಲೆ, ಜೀವ ಕೊಟ್ಟವುಗಳ ಖಾಲಿ ಪಂಜರಗಳಿಗೆ ಕೈ ಮುಗಿದೆ.

ಇಲಿಯಿಂದ ಮನುಷ್ಯನವರೆಗೆ ದಾರಿ ದೂರ, ಗೊತ್ತು. ಆದರೂ ಅಂಥದೇ ಬೆಂಚಿನ ಮೇಲೆ ಕೂತ ಹುಡುಗಿಗೆ ಒಂದು ದಿನ ಡಾಕ್ಟರು "ಇದೆಯಮ್ಮ" ಅನ್ನಬಹುದಲ್ಲ. ಅದನ್ನು ನೆನೆದು ತಲೆ ಎತ್ತಿ ಮಾತಾಡು. ನೂರು ವರ್ಷ ಬಾಳು ತಾಯೀ.

ನಿನ್ನ ಪುಕ್ಕಲು ಅಕ್ಕ

ಇನ್ನೊಂದೇ ಮಾತು. ಒಂದು ಇಲಿ ತನ್ನ ಪಂಜರದ ಚೀಟಿ ಕಡಿದು ಅರ್ಧ ಅಂಕಿಯನ್ನೇ ತಿಂದಿತ್ತಲ್ಲ. "ಬಾಲಕ್ಕೆ ಹಾಕಿದ್ದ ಶಾಯಿ ಗುರುತೂ ಫೋಟೋದಲ್ಲಿ ನೋಡಿದೀನಿ ಅಕ್ಕಾ, ಸುಮ್ನಿರು" ಅಂದಿದ್ದೀಯ. ನಂಬಿದ್ದೇನೆ. ಆದರೂ ವೇದಿಕೆ ಹತ್ತುವ ಮೊದಲು ಆ ಬಾಲದ ಫೋಟೋ ಇನ್ನೊಂದು ಸಲ ನೋಡಿಬಿಡೆ.